ಹತ್ತು ಮಾತಿನ ಬಿಸ್ಮಾರ್ಕ್: ಆರು ಮುಗಿದವು, ಒಂದು ಕೈಕೊಟ್ಟಿತು

ಮೇ 4

ಕೆಲಸ ಶುರು ಮಾಡಿ ಮೂರು ತಿಂಗಳಾಯಿತು. ಎಲ್ಲಿಗೆ ಬಂದೆ ಅಂತ ಬರೆದಿಡೋಣ ಎಂದು ಕೂತಿದ್ದೇನೆ.

ಯೋಜನೆ ಸಣ್ಣದು. ಜರ್ಮನಿಯನ್ನು ಒಗ್ಗೂಡಿಸಿದ ಒಟ್ಟೊ ಫಾನ್ ಬಿಸ್ಮಾರ್ಕ್‌ನ ಜೀವನವನ್ನು ಹತ್ತು ಮಾತುಗಳ ಮೇಲೆ ನಿಲ್ಲಿಸಿ ಹೇಳುವ ಒಂದು ಕಿರುಪುಸ್ತಕ. ಮಾತು ಅವನದೇ ಆಗಿರಬೇಕು, ಇಲ್ಲವೇ ಅವನ ಕೈಗೆ ಬಂದು ಹೋದದ್ದಾಗಿರಬೇಕು. ಇಂಗ್ಲಿಷ್ ದಾರಿ ಹಿಡಿಯದೆ ಜರ್ಮನ್ನಿಂದ ನೇರ ಕನ್ನಡಕ್ಕೆ ತರಬೇಕು. ಒಂದೊಂದರ ಕೆಳಗೂ ಎರಡೆರಡು ಪುಟ ಕಥೆ.

ಜರ್ಮನ್ ನನಗೆ ಬಂದದ್ದು ಇತಿಹಾಸದ ಪ್ರೀತಿಯಿಂದ ಅಲ್ಲ. ಕಂಪನಿಯವರು ಜರ್ಮನಿಗೆ ಕಳಿಸುತ್ತೇವೆ ಎಂದಿದ್ದರು. ಎರಡು ವರ್ಷ ಸಂಜೆ ಕ್ಲಾಸಿಗೆ ಹೋದೆ. ಅವರು ಕಳಿಸಲಿಲ್ಲ. ಕಲಿತ ಭಾಷೆ ತುಕ್ಕು ಹಿಡಿಯುತ್ತಿತ್ತು, ಅದಕ್ಕೊಂದು ಕೆಲಸ ಕೊಟ್ಟೆ, ಅಷ್ಟೇ.

ಮೊದಲ ಜಗಳ ಅಪ್ಪನ ಜೊತೆ. ಅಪ್ಪ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವರು. ನಾನು ‘ಬಿಸ್ಮಾರ್ಕ್ ಅವರು’ ಎಂದು ಬರೆದಿದ್ದೆ. "ಮೂವತ್ತು ವರ್ಷ ‘ಅವನು’ ಅಂತಲೇ ಪಾಠ ಮಾಡಿದ್ದೀನಿ. ಈಗ ಬಹುವಚನ ಯಾಕೋ?" ಎಂದರು. ಸೋತೆ. ನಿರೂಪಣೆಯಲ್ಲಿ ‘ಅವನು’ ಆಯಿತು. ಆದರೆ ಈ ಏಕವಚನ, ಬಹುವಚನ ನನ್ನನ್ನು ಅಷ್ಟಕ್ಕೇ ಬಿಡಲಿಲ್ಲ. ಮುಂದೆ ಹೇಳುತ್ತೇನೆ.

ಮೇ 11

ಎರಡನೇ ಮಾತಿನವರೆಗೆ ಓಡುತ್ತಾ ಬಂದೆ. 1815ರ ಏಪ್ರಿಲ್ 1ರಂದು ಶ್ಯೋನ್‌ಹೌಸೆನ್‌ನಲ್ಲಿ ಹುಟ್ಟು. ಅಪ್ಪ ಪ್ರಷ್ಯ ಎಂಬ ದೊಡ್ಡ ಜರ್ಮನ್ ರಾಜ್ಯದ ಜಮೀನ್ದಾರ, ಅಮ್ಮ ಓದಿದ ಅಧಿಕಾರಿಗಳ ಮನೆಯವಳು. ಗ್ಯೋಟಿಂಗನ್‌ನಲ್ಲಿ ಕಾನೂನು ಓದಿದ. ಸರ್ಕಾರಿ ನೌಕರಿ ಹಿಡಿದ, ಬೇಜಾರಾಗಿ ಬಿಟ್ಟ, ಊರಿಗೆ ಹೋಗಿ ಜಮೀನು ನೋಡಿಕೊಂಡ. 1847ರಲ್ಲಿ ಯೊಹಾನ್ನಾ ಫಾನ್ ಪುಟ್‌ಕಾಮರ್ ಜೊತೆ ಮದುವೆ. 1851ರಿಂದ ಫ್ರಾಂಕ್‌ಫರ್ಟಿನಲ್ಲಿ, ಜರ್ಮನ್ ರಾಜ್ಯಗಳ ಒಕ್ಕೂಟದ ಸಭೆಗೆ ಪ್ರಷ್ಯದ ಪ್ರತಿನಿಧಿ, 1859ರಿಂದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ರಾಯಭಾರಿ, 1862ರಲ್ಲಿ ಕೆಲವೇ ತಿಂಗಳು ಪ್ಯಾರಿಸ್. ಇಷ್ಟನ್ನೂ ಒಂದೂವರೆ ಪುಟದಲ್ಲಿ ಮುಗಿಸಿದೆ. ಅನ್ಯಾಯವೇ, ಆದರೆ ನನಗೆ ಮಾತುಗಳ ಹತ್ತಿರ ಹೋಗುವ ಅವಸರ.

ಮೊದಲ ಮಾತು ಪ್ಯಾರಿಸ್ಸಿಗೆ ಬಂದ ತಂತಿ. ಯುದ್ಧಮಂತ್ರಿ ರೋನ್ 1862ರ ಸೆಪ್ಟೆಂಬರಿನಲ್ಲಿ ಕಳಿಸಿದ್ದು. ಅರ್ಧ ಲ್ಯಾಟಿನ್, ಅರ್ಧ ಫ್ರೆಂಚ್: "ತಡವಾದರೆ ಅಪಾಯ. ಬೇಗ ಬನ್ನಿ." ಸೈನ್ಯದ ಖರ್ಚಿಗೆ ಶಾಸನಸಭೆ ಒಪ್ಪುತ್ತಿರಲಿಲ್ಲ. ರಾಜ ವಿಲ್‌ಹೆಲ್ಮ್ ಪಟ್ಟ ಬಿಡುವ ಮಾತಾಡುತ್ತಿದ್ದ. ಬಿಸ್ಮಾರ್ಕ್ ಬಂದ, ಪ್ರಧಾನಿಯಾದ.

ಎರಡನೆಯದು ಎಲ್ಲರಿಗೂ ಗೊತ್ತಿರುವುದೇ. ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ‘ರಕ್ತ ಮತ್ತು ಕಬ್ಬಿಣ’. ಸೆಪ್ಟೆಂಬರ್ 30ರಂದು ಬಜೆಟ್ ಸಮಿತಿಯಲ್ಲಿ ಅವನು ಹೇಳಿದ್ದು ತಿರುಗಾಮುರುಗಾ: "ಈ ಕಾಲದ ದೊಡ್ಡ ಪ್ರಶ್ನೆಗಳು ತೀರ್ಮಾನ ಆಗುವುದು ಭಾಷಣದಿಂದ ಅಲ್ಲ, ಬಹುಮತದ ನಿರ್ಣಯದಿಂದ ಅಲ್ಲ, 1848, 1849ರಲ್ಲಿ ಆದ ದೊಡ್ಡ ತಪ್ಪೇ ಅದು, ಕಬ್ಬಿಣದಿಂದ, ರಕ್ತದಿಂದ." ಕಬ್ಬಿಣ ಮೊದಲು. ಜನರ ಬಾಯಲ್ಲಿ ರಕ್ತ ಮುಂದೆ ಬಂತು. ಅದೇ ಸಭೆಯಲ್ಲಿ ಅವನು ತನ್ನ ಚುಟ್ಟದ ಡಬ್ಬಿಯಿಂದ ಒಂದು ಆಲಿವ್ ಕಡ್ಡಿ ತೆಗೆದು ತೋರಿಸಿದ್ದ. ದಕ್ಷಿಣ ಫ್ರಾನ್ಸಿನ ಅವಿಞೋನ್‌ನಿಂದ ತಂದದ್ದು. ಶಾಂತಿಯ ಗುರುತಾಗಿ ನಿಮಗೇ ಕೊಡೋಣ ಅಂತಿದ್ದೆ, ಇನ್ನೂ ಸಮಯ ಬಂದಿಲ್ಲ ಅನ್ನುವ ಧಾಟಿಯಲ್ಲಿ ಮಾತಾಡಿದ. ಆ ಕಡ್ಡಿಯನ್ನು ಯಾರೂ ಬಾಯಿಪಾಠ ಮಾಡಲಿಲ್ಲ.

ಮೇ 13

ಕೈಕೊಟ್ಟದ್ದು ಇದು. ‘ಕಾನೂನು ಮತ್ತು ಸಾಸೇಜ್ ಹೇಗೆ ತಯಾರಾಗುತ್ತವೆ ಅಂತ ನೋಡದಿರುವುದೇ ವಾಸಿ’ ಎಂಬ ಮಾತು ಬಿಸ್ಮಾರ್ಕ್ ಹೆಸರಿನಲ್ಲಿ ಎಲ್ಲ ಕಡೆ ಓಡಾಡುತ್ತದೆ. ನಾನೂ ಮೂರನೇ ಮಾತು ಅಂತ ಬರೆದು ಮುಗಿಸಿದ್ದೆ. ಜರ್ಮನ್ ಮೂಲ ಹುಡುಕಿದರೆ ಸಿಗಬೇಕಲ್ಲ? ಅವನದಲ್ಲವೇ ಅಲ್ಲ. 1869ರಲ್ಲೇ ಅಮೆರಿಕದ ಪತ್ರಿಕೆಗಳಲ್ಲಿ ಜಾನ್ ಗಾಡ್‌ಫ್ರೆ ಸ್ಯಾಕ್ಸ್ ಎಂಬ ಕವಿಯ ಹೆಸರಿನಲ್ಲಿ ಅದು ಬಂದಿದೆ. ಬಿಸ್ಮಾರ್ಕ್‌ಗೆ ಅಂಟಿಸಿದ್ದು ಅವನು ಸತ್ತು ಎಷ್ಟೋ ಕಾಲದ ಮೇಲೆ. ಎರಡು ಪುಟ ಹರಿದು ಹಾಕಿದೆ. ಆ ಮಾತು ಅಚ್ಚು ಹಾಕಿಸಿ ಗೆಳೆಯರಿಗೆ ಹಂಚಿದ್ದ ಇಪ್ಪತ್ತೈದು ಬುಕ್‌ಮಾರ್ಕ್‌ಗಳನ್ನು ಮಾತ್ರ ವಾಪಸ್ ಕೇಳಲು ಮುಖ ಇಲ್ಲ.

ಜೂನ್ 2

ಮೂರು ವಾರ ಒಂದೇ ತಂತಿಗೆ ಹೋಯಿತು.

ಎಮ್ಸ್ ತಂತಿ, ಸಾಸೇಜ್ ಹೋದ ಜಾಗಕ್ಕೆ ಬಂದ ಮೂರನೇ ಮಾತು. ಓದಿದವರಿಗೂ ಮರೆತಿರಬಹುದು, ಅದಕ್ಕೆ ಹಿನ್ನೆಲೆ ಹೇಳಿಬಿಡುತ್ತೇನೆ. 1870. ಸ್ಪೇನಿನ ಸಿಂಹಾಸನ ಖಾಲಿ ಇತ್ತು. ಪ್ರಷ್ಯದ ರಾಜನ ದಾಯಾದಿ ಲಿಯೊಪೋಲ್ಡ್‌ನ ಹೆಸರು ಬಂತು. ಎರಡೂ ಕಡೆ ಒಂದೇ ಮನೆತನ ಕೂತರೆ ನಮ್ಮ ಗತಿಯೇನು ಅಂತ ಫ್ರಾನ್ಸ್ ಕೂಗಿತು. ಜುಲೈ 12ರಂದು ಲಿಯೊಪೋಲ್ಡ್‌ನ ಅಪ್ಪ ಮಗನ ಹೆಸರು ಹಿಂದಕ್ಕೆ ತೆಗೆದುಕೊಂಡ. ಅಲ್ಲಿಗೆ ಮುಗಿಯಬೇಕಿತ್ತು ಅಲ್ವಾ? ಫ್ರಾನ್ಸಿಗೆ ಸಾಲಲಿಲ್ಲ. ಮುಂದೆ ಯಾವತ್ತೂ ಒಪ್ಪುವುದಿಲ್ಲ ಅಂತ ರಾಜನೇ ಮಾತು ಕೊಡಲಿ ಎಂದು ರಾಯಭಾರಿ ಬೆನೆಡೆಟ್ಟಿಗೆ ಹೇಳಿತು. ರಾಜ ಆಗ ಬಾಡ್ ಎಮ್ಸ್ ಎಂಬ ಬಿಸಿನೀರಿನ ಬುಗ್ಗೆಗಳ ಊರಿನಲ್ಲಿದ್ದ. 13ರ ಬೆಳಿಗ್ಗೆ ವಾಕಿಂಗ್ ಹೋದಾಗ ಬೆನೆಡೆಟ್ಟಿ ಸಿಕ್ಕಿದ.

ಇದನ್ನು ಆಬೆಕೆನ್ ಎಂಬ ಅಧಿಕಾರಿ ಬರ್ಲಿನ್ನಿನಲ್ಲಿದ್ದ ಬಿಸ್ಮಾರ್ಕ್‌ಗೆ ತಂತಿ ಮಾಡಿದ. ಬಿಸ್ಮಾರ್ಕ್ ಆಗ ರೋನ್ ಮತ್ತು ಸೇನೆಯ ಮುಖ್ಯಸ್ಥ ಮೋಲ್ಟ್ಕೆ ಜೊತೆ ಊಟಕ್ಕೆ ಕೂತಿದ್ದ. ತಂತಿಯನ್ನು ತಿದ್ದಿ ಪತ್ರಿಕೆಗೆ ಕೊಟ್ಟ. 19ಕ್ಕೆ ಫ್ರಾನ್ಸ್ ಯುದ್ಧ ಸಾರಿತು.

‘ತಿದ್ದಿದ’ ಅಂದಾಗ ನಾನು ಇಷ್ಟು ದಿನ ಅಂದುಕೊಂಡಿದ್ದು ಅವನು ಏನೋ ಸುಳ್ಳು ಸೇರಿಸಿದ ಅಂತ. ಎರಡೂ ಪಠ್ಯ ಪಕ್ಕಪಕ್ಕ ಇಟ್ಟುಕೊಂಡು ಕೂತೆ. ಸೇರಿಸಿದ್ದು ಇಲ್ಲ ಅನ್ನುವಷ್ಟು ಕಮ್ಮಿ. ಕತ್ತರಿಸಿದ್ದು ಹೆಚ್ಚುಕಮ್ಮಿ ಅರ್ಧ.

ಮೂಲದಲ್ಲಿ ರಾಜನೇ ಮಾತಾಡುತ್ತಾನೆ. ಬೆನೆಡೆಟ್ಟಿ ದಾರಿಯಲ್ಲಿ ನನ್ನನ್ನು ಅಡ್ಡಹಾಕಿದರು, ಕೊನೆಕೊನೆಗೆ ತುಂಬಾ ಪೀಡಿಸಿದರು, ಯಾವತ್ತಿಗೂ ಅಂತ ಮಾತು ಕೊಡಲು ಆಗುವುದಿಲ್ಲ ಎಂದು ಕೊಂಚ ಗಟ್ಟಿಯಾಗಿಯೇ ಹೇಳಿದೆ, ನನಗಿನ್ನೂ ಸುದ್ದಿ ಬಂದಿಲ್ಲ ಅಂತಲೂ ತಿಳಿಸಿದೆ, ಹೀಗೆ. ಆಮೇಲೆ ಲಿಯೊಪೋಲ್ಡ್‌ನ ಅಪ್ಪನ ಪತ್ರ ಬಂತು. ಆಗ ರಾಜ ಮತ್ತೆ ಭೇಟಿ ಕೊಡದೆ ಹೇಳಿ ಕಳಿಸಿದ: ನಿಮಗೆ ಪ್ಯಾರಿಸ್ಸಿನಿಂದ ಬಂದಿದ್ದ ಸುದ್ದಿ ಈಗ ನಮಗೂ ಖಚಿತವಾಯಿತು, ಇನ್ನು ಹೇಳುವುದೇನೂ ಇಲ್ಲ. ಪತ್ರಿಕೆಗೆ ಕೊಡಬಹುದೋ ನೋಡಿ ಅಂತ ತಂತಿಯ ಕೊನೆಯಲ್ಲೇ ಇದೆ. ಹಾಗಾಗಿ ಗುಟ್ಟಿನ ಕಾಗದ ಬಯಲು ಮಾಡಿದ ಅನ್ನುವ ಹಾಗೂ ಇಲ್ಲ.

ಬಿಸ್ಮಾರ್ಕ್‌ನ ಪಾಠದಲ್ಲಿ ದಾರಿ ಇಲ್ಲ, ಬೆಳಗಿನ ಮಾತುಕತೆ ಇಲ್ಲ, ಬಂದ ಪತ್ರವೂ ಇಲ್ಲ. ರಾಯಭಾರಿ ಹೀಗೆ ಕೇಳಿದರು. ಮಹಾರಾಜರು ಮತ್ತೆ ಭೇಟಿಗೆ ಒಪ್ಪಲಿಲ್ಲ. ತಿಳಿಸುವುದೇನೂ ಇಲ್ಲ ಎಂದು ಹೇಳಿ ಕಳಿಸಿದರು. ಮುಗಿಯಿತು.

‘ಇನ್ನು ಹೇಳುವುದೇನೂ ಇಲ್ಲ’ ಎಂಬುದು ಎರಡರಲ್ಲೂ ಇದೆ ನೋಡಿ. ಮೊದಲನೆಯದರಲ್ಲಿ ಅದು ‘ಸುದ್ದಿ ತಲುಪಿತು, ವಿಷಯ ಮುಗಿಯಿತು’ ಅಂತ. ಹಿಂದಿನ ಅರ್ಧ ವಾಕ್ಯ ತೆಗೆದರೆ ಅದೇ ಮಾತು ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. ಯಜಮಾನರು ಜಗಲಿಗೂ ಬರದೆ, ಒಳಗಿಂದಲೇ ಆಳಿನ ಕೈಲಿ ‘ಆಗಲ್ಲ ಅಂತೆ’ ಅಂತ ಹೇಳಿಸಿದ ಹಾಗೆ.

ಭಾಷೆಯ ಧಾಟಿಗೆ ಹಳೇ ಮೈಸೂರು ಸರ್ಕಾರದ ಕಾಗದಗಳು ನೆರವಿಗೆ ಬಂದವು. ಜರ್ಮನ್ ತಂತಿ ರಾಜನನ್ನು ಕರೆಯುವ ಅತಿವಿನಯಕ್ಕೆ ‘ಶ್ರೀಮನ್ಮಹಾರಾಜರವರು’ ಸರಿಯಾಗಿ ಕೂತಿತು. ವಿನಯ ಜಾಸ್ತಿ ಆದಷ್ಟೂ ಆ ನಿರಾಕರಣೆ ತಣ್ಣಗೆ ಕಾಣುತ್ತದೆ. ಇದನ್ನು ಏಕವಚನದಲ್ಲಿ ಬರೆದಿದ್ದರೆ ಬರೀ ಜಗಳ ಆಗುತ್ತಿತ್ತು. ಅಪ್ಪ ಇದೊಂದಕ್ಕೆ ಬಹುವಚನ ಮಂಜೂರು ಮಾಡಿದರು.

ಸಿಕ್ಕಿಕೊಂಡದ್ದು ಒಂದೇ ಪದದಲ್ಲಿ. ಹೇಳಿ ಕಳಿಸಿದ್ದು ಯಾರ ಕೈಲಿ? ಜರ್ಮನ್ನಿನಲ್ಲಿ ‘ಆಡ್ಯುಟಾಂಟ್’, ರಾಜನ ಆಪ್ತ ಸೇನಾಧಿಕಾರಿ. ಅವತ್ತು ಹೋದದ್ದು ರಾಡ್ಜಿವಿಲ್ ಮನೆತನದ ರಾಜಕುಮಾರ. ಫ್ರೆಂಚರ ಹವಾಸ್ ಸುದ್ದಿಸಂಸ್ಥೆ ಆ ಪದವನ್ನು ಹಾಗೇ ಇಟ್ಟುಕೊಂಡಿತು. ಫ್ರೆಂಚಿನಲ್ಲಿ ‘ಅಡ್ಜುದಾಂ’ ಎಂದರೆ ಅಧಿಕಾರಿಯೂ ಅಲ್ಲದ ಕೆಳಗಿನ ದರ್ಜೆಯ ಸೈನಿಕ. ನಮ್ಮ ರಾಯಭಾರಿಗೆ ಯಾರೋ ಹವಾಲ್ದಾರನ ಕೈಲಿ ಹೇಳಿಸಿದರಾ ಅಂತ ಪ್ಯಾರಿಸ್ ಉರಿದುಬಿತ್ತು. ನಾನು ಮೊದಲು ಬರೆದಿದ್ದು ‘ಹರಿಕಾರ’. ಚೆನ್ನಾಗಿಯೇ ಕೇಳಿಸುತ್ತಿತ್ತು. ಆಮೇಲೆ ಹೊಳೆಯಿತು, ಹಳೆಯ ಅರ್ಥದಲ್ಲಿ ಅದು ಸುದ್ದಿ ಒಯ್ಯುವವನು, ಅಂದರೆ ನೂರೈವತ್ತು ವರ್ಷದ ಮೇಲೆ ನಾನೂ ಹವಾಸ್‌ನ ತಪ್ಪನ್ನೇ ಮಾಡುತ್ತಿದ್ದೇನೆ. ‘ಸರದಿಯ ಆಪ್ತ ಸೇನಾಧಿಕಾರಿ’ ಅಂತ ಹಾಕಿ ಕೈ ತೊಳೆದುಕೊಂಡೆ. ಉದ್ದ ಆಯಿತು, ಆಗಲಿ.

ಆ ಪದಕ್ಕಾಗಿ ಕಿಟ್ಟೆಲ್ ನಿಘಂಟು ತಿರುವಿ ಹಾಕುವಾಗ ಒಂದು ವಿಷಯ ತಲೆಗೆ ಬಂತು. ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಪೂರ್ವ ಫ್ರೀಸ್‌ಲ್ಯಾಂಡಿನ ರೆಸ್ಟರ್‌ಹಾಫೆಯಲ್ಲಿ. ಅದು ಹ್ಯಾನೋವರ್ ರಾಜ್ಯಕ್ಕೆ ಸೇರಿತ್ತು. 1866ರ ಯುದ್ಧದಲ್ಲಿ ಪ್ರಷ್ಯದ ವಿರುದ್ಧ ಆಸ್ಟ್ರಿಯ ಪಕ್ಷ ಹಿಡಿದ ತಪ್ಪಿಗೆ ಬಿಸ್ಮಾರ್ಕ್ ಹ್ಯಾನೋವರನ್ನು ಪೂರ್ತಿ ನುಂಗಿದ. ಕನ್ನಡದ ಪದಗಳನ್ನು ಕೂಡಿಸಿಟ್ಟ ಮನುಷ್ಯ ಹುಟ್ಟಿದ ರಾಜ್ಯ ಭೂಪಟದಿಂದಲೇ ಹೋಯಿತು. ಪುಸ್ತಕಕ್ಕೆ ಇದು ಬೇಕಿಲ್ಲ. ಆದರೂ ಹಾಕುತ್ತೇನೆ.

ಜೂನ್ 5

ಅಮ್ಮನ ಮೇಲೆ ಪ್ರಯೋಗ. ಎರಡೂ ಪಾಠ ಪ್ರಿಂಟ್ ತೆಗೆದು, ಯಾವುದು ಯಾರದು ಅಂತ ಹೇಳದೆ ಕೊಟ್ಟೆ. ಅವರೆಕಾಳು ಸುಲಿಯುತ್ತಲೇ ಓದಿದಳು. ಮೊದಲನೆಯದಕ್ಕೆ "ಪಾಪ, ಬೆಳಬೆಳಿಗ್ಗೆ ಆ ಮುದುಕನ್ನ ಯಾಕೆ ಗೋಳು ಹೊಯ್ಕೊಂಡರು?" ಎಂದಳು. ಎರಡನೆಯದು ಓದಿ ಕನ್ನಡಕ ತೆಗೆದಳು. "ಇವನ್ಯಾರೋ, ಇಷ್ಟು ಸೊಕ್ಕು?"

ತರ್ಜುಮೆ ಪಾಸ್.

ಫೇಲ್ ಆದದ್ದು ಫೋನಿನ ಕೀಬೋರ್ಡ್. ‘ಎಮ್ಸ್’ ಬರೆದಲ್ಲೆಲ್ಲ ತಾನಾಗಿ ‘ಎಮ್ಮೆ’ ಮಾಡಿತ್ತು. ‘ಎಮ್ಮೆ ತಂತಿ’ ಅಂತ ದಪ್ಪಕ್ಷರದ ತಲೆಬರಹ. ಅಮ್ಮ ಅದನ್ನು ಕೇಳಲೇ ಇಲ್ಲ. ಎಮ್ಮೆಗೂ ಜರ್ಮನಿಗೂ ಏನೋ ಇರಬಹುದು ಅಂದುಕೊಂಡಿದ್ದಳಂತೆ.

ಜೂನ್ 15

ನಾಲ್ಕನೆಯದು ಬರೀ ಒಂದು ಬಿರುದು. 1871ರ ಜನವರಿ 18, ವರ್ಸೈ ಅರಮನೆಯ ಕನ್ನಡಿಗಳ ಸಭಾಂಗಣ, ಪ್ರಷ್ಯದ ರಾಜನನ್ನು ಚಕ್ರವರ್ತಿ ಅಂತ ಸಾರಿದ ದಿನ. ರಾಜನಿಗೆ ಬೇಕಿದ್ದದ್ದು ‘ಜರ್ಮನಿಯ ಚಕ್ರವರ್ತಿ’. ಬಿಸ್ಮಾರ್ಕ್ ಕೊಟ್ಟದ್ದು ‘ಜರ್ಮನ್ ಚಕ್ರವರ್ತಿ’. ಮೊದಲನೆಯದು ನೆಲವೆಲ್ಲ ತನ್ನದು ಅನ್ನುತ್ತದೆ, ಬವೇರಿಯದಂಥ ರಾಜರು ಒಪ್ಪುವುದಿಲ್ಲ. ಬವೇರಿಯದ ಲುಡ್ವಿಗ್ ರಾಜ ‘ನೀವು ಚಕ್ರವರ್ತಿ ಆಗಿ’ ಅಂತ ಬರೆದ ಪತ್ರದ ಕರಡು ಕೂಡ ಬಿಸ್ಮಾರ್ಕ್‌ನದೇ. ಲುಡ್ವಿಗ್ ನಕಲು ಮಾಡಿ ಸಹಿ ಹಾಕಿದ. ಅವನಿಗೆ ಗುಟ್ಟಾಗಿ ಹಣವೂ ಹೋಯಿತು, ಅದೇ ಹ್ಯಾನೋವರ್ ರಾಜನಿಂದ ಕಿತ್ತುಕೊಂಡ ಆಸ್ತಿಯಿಂದ.

ಕನ್ನಡದಲ್ಲಿ ಆ ಜಗಳವೆಲ್ಲ ಒಂದು ‘ಯ’ ಇದೆಯೋ ಇಲ್ಲವೋ ಅನ್ನುವುದರಲ್ಲಿ ಕೂತಿದೆ. ಬಾಡೆನ್‌ನ ದೊರೆ ಬುದ್ಧಿವಂತ. ಎರಡೂ ಬಿಟ್ಟು ‘ಚಕ್ರವರ್ತಿ ವಿಲ್‌ಹೆಲ್ಮ್‌ಗೆ ಜಯವಾಗಲಿ’ ಅಂತ ಕೂಗಿಬಿಟ್ಟ. ಚಕ್ರವರ್ತಿ ಅವತ್ತು ತನ್ನ ಮುಖ ನೋಡದೆ, ಕೈ ಕುಲುಕದೆ ಮುಂದೆ ಹೋದ ಅಂತ ಬಿಸ್ಮಾರ್ಕ್ ತನ್ನ ನೆನಪುಗಳಲ್ಲಿ ಹೇಳಿಕೊಂಡಿದ್ದಾನೆ.

ಜೂನ್ 29

ಐದನೆಯದು ಮಂಡಿಪೇಟೆಯಲ್ಲಿ ಸಿಕ್ಕಿಬಿತ್ತು. 1878, ರಷ್ಯ ತುರ್ಕಿ ಯುದ್ಧ ಮುಗಿದು ಯುರೋಪಿನ ದೊಡ್ಡವರೆಲ್ಲ ಬರ್ಲಿನ್ನಿನಲ್ಲಿ ಸೇರಲಿದ್ದರು. ನಾನು ಪಂಚಾಯ್ತಿ ಯಜಮಾನ ಅಲ್ಲ, ವ್ಯಾಪಾರ ಕುದುರಿಸಬೇಕು ಅಂತಿರುವ ಪ್ರಾಮಾಣಿಕ ದಲ್ಲಾಳಿ ಅನ್ನುವ ಅರ್ಥದಲ್ಲಿ ಫೆಬ್ರವರಿಯಲ್ಲಿ ಸಂಸತ್ತಿನಲ್ಲಿ ಹೇಳಿದ. ‘ಮಧ್ಯವರ್ತಿ’ ಅಂದರೆ ವ್ಯಾಪಾರದ ವಾಸನೆ ಹೋಗುತ್ತದೆ. ‘ದಲ್ಲಾಳಿ’ ಅಂದರೆ ನಮ್ಮಲ್ಲಿ ಯಾರೂ ‘ಪ್ರಾಮಾಣಿಕ’ ನಂಬುವುದಿಲ್ಲ. ಅಡಿಕೆ ಮಂಡಿಯ ಗೆಳೆಯನಿಗೆ ಕೇಳಿದೆ. "ಪ್ರಾಮಾಣಿಕ ದಲ್ಲಾಳಿ ಅಂತ ಅವನೇ ಹೇಳ್ಕೊಂಡನಾ? ಹಂಗಾದ್ರೆ ಅಲ್ಲ ಬಿಡು" ಎಂದ. ದಲ್ಲಾಳಿಯೇ ಇರಲಿ.

ಆರನೆಯದು 1888ರ ಫೆಬ್ರವರಿ 6ರ ಭಾಷಣ. "ಜರ್ಮನ್ನರಾದ ನಾವು ದೇವರಿಗೆ ಹೆದರುತ್ತೇವೆ, ಲೋಕದಲ್ಲಿ ಬೇರೆ ಯಾವುದಕ್ಕೂ ಇಲ್ಲ." ಪೋಸ್ಟ್‌ಕಾರ್ಡುಗಳ ಮೇಲೆಲ್ಲ ಇಷ್ಟೇ ಇರುತ್ತಿತ್ತು. ವಾಕ್ಯ ಅಲ್ಲಿಗೆ ನಿಲ್ಲುವುದಿಲ್ಲ: "ಆ ದೈವಭಯವೇ ನಾವು ಶಾಂತಿಯನ್ನು ಪ್ರೀತಿಸಿ ಕಾಪಾಡುವಂತೆ ಮಾಡುತ್ತದೆ." ಎಮ್ಸ್‌ನಲ್ಲಿ ಅವನು ಕತ್ತರಿ ಆಡಿಸಿದ. ಇಲ್ಲಿ ಅವನ ಮೇಲೇ ಆಡಿಸಿದರು. ನಾನು ಪೂರ್ತಿ ಹಾಕಿದ್ದೇನೆ.

ಜುಲೈ 6

ಬರೆಯುವ ಮನಸ್ಸಿರಲಿಲ್ಲ, ಸುಮ್ನೆ ಅವನ ದನಿ ಕೇಳುತ್ತ ಕೂತೆ. ಹೌದು, ದನಿ ಉಳಿದಿದೆ. 1889ರ ಅಕ್ಟೋಬರಿನಲ್ಲಿ ಎಡಿಸನ್ ಕಡೆಯ ವಾಂಗೆಮಾನ್ ಎಂಬುವನು ಬಿಸ್ಮಾರ್ಕ್‌ನ ಮನೆಯಿದ್ದ ಫ್ರೀಡ್ರಿಷ್‌ಸ್ರೂಗೆ ಹೋಗಿ ಮೇಣದ ಸಿಲಿಂಡರಿನ ಮೇಲೆ ಹಿಡಿದದ್ದು. ಅಮೆರಿಕದಲ್ಲಿ ಯಾರ ದನಿ ಅಂತ ಗೊತ್ತಿಲ್ಲದೆ ಬಿದ್ದಿತ್ತು. 2012ರಲ್ಲಿ ಹೊರಗೆ ಬಂತು. ದೋಸೆ ಕಾವಲಿಯ ಮೇಲೆ ನೀರು ಚಿಮುಕಿಸಿದಂಥ ಸದ್ದಿನ ಹಿಂದೆ ಒಬ್ಬ ಮುದುಕ. ಫ್ರಾನ್ಸನ್ನು ಸೋಲಿಸಿದವನು ಫ್ರೆಂಚರ ರಾಷ್ಟ್ರಗೀತೆಯ ಸಾಲು ಹೇಳುತ್ತಾನೆ. ಕೊನೆಗೆ ಮಗ ಹೆರ್ಬರ್ಟ್‌ಗೆ ಬುದ್ಧಿಮಾತು: ಎಲ್ಲವನ್ನೂ ಮಿತವಾಗಿ ಮಾಡು, ಮುಖ್ಯವಾಗಿ ಕೆಲಸ, ಆಮೇಲೆ ಊಟ, ಕುಡಿತವನ್ನೂ. ಎಂಟನೇ ಮಾತು ಇದೇ ಅಂತ ಗಟ್ಟಿ ಮಾಡಿದೆ.

ಏಳನೆಯದು ವಿಮೆಯ ಕುರಿತು ಇರಬೇಕು. 1883ರಲ್ಲಿ ಕಾಯಿಲೆಗೆ, 1884ರಲ್ಲಿ ಅಪಘಾತಕ್ಕೆ, 1889ರಲ್ಲಿ ಮುಪ್ಪಿಗೆ ವಿಮೆ ತಂದವನು ಅವನೇ. ಜೊತೆಗೇ ಸಮಾಜವಾದಿಗಳ ಸಭೆ, ಪತ್ರಿಕೆಗಳಿಗೆ ಹನ್ನೆರಡು ವರ್ಷ ಬೀಗ ಹಾಕಿದವನೂ ಅವನೇ. ಎರಡನ್ನೂ ಹಿಡಿಯುವ ಒಂದು ವಾಕ್ಯ ಇನ್ನೂ ಸಿಕ್ಕಿಲ್ಲ. ಹುಡುಕುತ್ತಿದ್ದೇನೆ.

ಜುಲೈ 20

ಕ್ರಮ ಬಿಟ್ಟು ಹತ್ತನೆಯದಕ್ಕೆ ಹಾರಿದೆ. 1890ರ ಮಾರ್ಚಿನಲ್ಲಿ ಹೊಸ ಚಕ್ರವರ್ತಿ, ಎರಡನೇ ವಿಲ್‌ಹೆಲ್ಮ್, ಇವನನ್ನು ಮನೆಗೆ ಕಳಿಸಿದ. 1898ರ ಜುಲೈ 30ರಂದು ಸತ್ತ. ಸಮಾಧಿಯ ಮೇಲೆ ಏನು ಬರೆಯಬೇಕು ಅಂತ ತಾನೇ ಹೇಳಿ ಹೋಗಿದ್ದ: ಒಂದನೇ ವಿಲ್‌ಹೆಲ್ಮ್ ಚಕ್ರವರ್ತಿಯ ನಿಷ್ಠಾವಂತ ಜರ್ಮನ್ ಸೇವಕ. ಆ ‘ಒಂದನೇ’ ಎಂಬುದರ ಮೊನೆ ಯಾರಿಗೆ ಅಂತ ಗೊತ್ತಾಯಿತಲ್ಲ.

‘ಸೇವಕ’ ನನಗೆ ಸಪ್ಪೆ ಅನ್ನಿಸಿತು. ‘ಆಳು’ ಸಣ್ಣದಾಯಿತು. ಅಪ್ಪ ಪೇಪರಿನ ಹಿಂದಿನಿಂದಲೇ ‘ಬಂಟ’ ಅಂದರು. ರಾಮನ ಬಂಟ ಹನುಮಂತ ಅನ್ನುತ್ತೇವಲ್ಲ, ಹಾಗೆ. ನಿಷ್ಠೆಯೂ ಬಂತು, ತೋಳಬಲವೂ ಬಂತು. ಮಂಗಳೂರಿನ ಗೆಳೆಯನಿಗೆ ಕಳಿಸಿದರೆ "ನಮ್ಮೂರಲ್ಲಿ ಇದನ್ನು ಓದಿ ಮೊದಲು ಯಾವ ಗುತ್ತಿನವರು ಅಂತ ಕೇಳ್ತಾರೆ" ಅಂತ ನಗುತ್ತಿದ್ದಾನೆ. ಪೆನ್ಸಿಲ್‌ನಲ್ಲಿ ‘ಬಂಟ’ ಅಂತ ಬರೆದಿಟ್ಟಿದ್ದೇನೆ. ಇಂಕು ಇನ್ನೂ ಹಾಕಿಲ್ಲ.