ಶೂನ್ಯ ದಶಾಂಶ ಒಂದು ಐದು

ನಿನ್ನೆ ರಾತ್ರಿ ನಿದ್ದೆ ಬಾರದೆ 2016ರ ರಿಯೊ ಒಲಿಂಪಿಕ್ಸ್‌ನ ಜಿಮ್ನಾಸ್ಟಿಕ್ಸ್ ವಾಲ್ಟ್ ಫೈನಲ್ ಅನ್ನು ಮತ್ತೊಮ್ಮೆ ನೋಡಿದೆ. ಅಗರ್ತಲಾದ ದೀಪಾ ಕರ್ಮಾಕರ್ ಓಡಿ ಬಂದು, ವಾಲ್ಟ್ ಮೇಜಿಗೆ ಅಂಗೈ ಊರಿ, ಗಾಳಿಯಲ್ಲಿ ಮುಮ್ಮುಖವಾಗಿ ಎರಡು ಪಲ್ಟಿ ಹೊಡೆದು, ಇಳಿಯುವಾಗ ಮೊಣಕಾಲು ಪೂರ್ತಿ ಮಡಿಸಿ ಹೆಚ್ಚುಕಡಿಮೆ ಕುಳಿತೇಬಿಟ್ಟು, ಮರುಕ್ಷಣವೇ ಎದ್ದು ನಿಂತು ಕೈ ಎತ್ತುತ್ತಾರೆ. ಪ್ರೊಡುನೊವಾ ಎಂಬ ಈ ಜಿಗಿತದಲ್ಲಿ ಅಂದಾಜು ತಪ್ಪಿದರೆ ಪೆಟ್ಟು ಬೀಳುವುದು ಕುತ್ತಿಗೆಗೆ. ಸಿಕ್ಕಿದ್ದು 15.066 ಅಂಕ, ನಾಲ್ಕನೆಯ ಸ್ಥಾನ. ಕಂಚು ತಪ್ಪಿದ್ದು ಬರೀ 0.15ರಿಂದ.

ಚಪ್ಪಟೆ ಪಾದದೊಂದಿಗೆ ಹುಟ್ಟಿ, ಆ ಪಾದಗಳನ್ನೇ ವರ್ಷಗಟ್ಟಲೆ ತಿದ್ದಿಕೊಂಡು ಅಲ್ಲಿಯವರೆಗೆ ಬಂದವರಿಗೆ ಈ ಅಂತರ ಎಷ್ಟು ದೊಡ್ಡದೋ, ಹೊರಗಿನವರಾದ ನಮಗೆ ತಿಳಿಯದು. ಆಮೇಲೆ ಮೊಣಕಾಲಿನ ಶಸ್ತ್ರಚಿಕಿತ್ಸೆ, ಉದ್ದೀಪನ ಮದ್ದಿನ ಪ್ರಕರಣದಲ್ಲಿ 21 ತಿಂಗಳ ನಿಷೇಧ. ಇಷ್ಟಾದ ಮೇಲೂ 2024ರ ಮೇ ತಿಂಗಳಲ್ಲಿ, ಮೂವತ್ತರ ವಯಸ್ಸಿನಲ್ಲಿ, ತಾಷ್ಕೆಂಟ್‌ನಲ್ಲಿ ಏಷ್ಯನ್ ಚಾಂಪಿಯನ್‌ಷಿಪ್‌ನ ವಾಲ್ಟ್ ಚಿನ್ನ ಗೆದ್ದು, ಅಕ್ಟೋಬರ್‌ನಲ್ಲಿ ನಿವೃತ್ತರಾದರು. ನನಗೇನೋ ರಿಯೊದ ನಾಲ್ಕನೆಯ ಸ್ಥಾನಕ್ಕಿಂತ ಈ ಚಿನ್ನವೇ ಹೆಚ್ಚು ತೂಕದ್ದೆನಿಸುತ್ತದೆ.

ರಿಯೊದ ಆ ರಾತ್ರಿ ನಮ್ಮ ಮನೆಯಲ್ಲಿ ಅಜ್ಜಿಯೂ ಸೇರಿ ಎಲ್ಲರೂ ಎಚ್ಚರವಾಗಿದ್ದೆವು. ತಾಷ್ಕೆಂಟ್‌ನ ಸುದ್ದಿಯನ್ನು ಮಾತ್ರ ನಾನು ಓದಿದ್ದು ಪತ್ರಿಕೆಯ ಒಳಪುಟದ ಮೂಲೆಯಲ್ಲಿ.