ಯುಪಿಎಸ್ ಬ್ಯಾಟರಿ ಬದಲಿಸುವ ಮುನ್ನ ಚಾರ್ಜರಿನತ್ತ ಒಮ್ಮೆ ನೋಡಿ

ನಮ್ಮ ಮನೆಯ ಕಂಪ್ಯೂಟರಿಗೆ ಜೋಡಿಸಿರುವ 600 ವಿಎ ಸಾಮರ್ಥ್ಯದ ಹಳೆಯ ಯುಪಿಎಸ್, ಈ ಬೇಸಿಗೆಯಲ್ಲಿ ಹೆಸರಿಗಷ್ಟೇ ಯುಪಿಎಸ್ ಆಗಿ ಉಳಿದಿತ್ತು. ಕರೆಂಟ್ ಇರುವಾಗ ಹಸಿರು ದೀಪ ಉರಿಯುತ್ತಿತ್ತು, ಎಲ್ಲವೂ ಸರಿಯಿದೆಯೆಂದೇ ತೋರುತ್ತಿತ್ತು. ಕರೆಂಟ್ ಹೋದೊಡನೆ ಒಮ್ಮೆ ಕೀಂ ಎಂದು ಕೂಗಿ ಕಂಪ್ಯೂಟರಿನ ಸಮೇತ ಆರಿಹೋಗುತ್ತಿತ್ತು. ನಾವಿರುವ ರಾಯಚೂರಿನ ಪಕ್ಕದ ಶಕ್ತಿನಗರದಲ್ಲಿ 1720 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವಿದ್ದರೂ, ಮುಂಗಾರಿಗೆ ಮೊದಲಿನ ಬಿರುಗಾಳಿಗೆ ಬೀದಿಯ ತಂತಿ ಕಡಿದರೆ ದೀಪದ ಬುಡದಲ್ಲಿ ಕತ್ತಲೆಯೇ. ಹಾಗಾಗಿ ಯುಪಿಎಸ್ ಇಲ್ಲದೆ ಇಲ್ಲಿ ಕಂಪ್ಯೂಟರಿನ ಮುಂದೆ ನೆಮ್ಮದಿಯಾಗಿ ಕೂರುವಂತಿಲ್ಲ.

ಇಂತಹ ಲಕ್ಷಣ ಕಂಡಾಗ ಅಂಗಡಿಯವರು ಹೇಳುವ ಮಾತು ಒಂದೇ: ಬ್ಯಾಟರಿ ಹೋಗಿದೆ, ಬದಲಿಸಿ. ಆ ಮಾತು ಬಹುತೇಕ ನಿಜವೇ. ಆದರೆ ಬ್ಯಾಟರಿ ಏಕೆ ಹೋಯಿತು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನಮ್ಮ ಯುಪಿಎಸ್‌ನಲ್ಲಿದ್ದ ಬ್ಯಾಟರಿಗೆ ಎರಡು ವರ್ಷವೂ ತುಂಬಿರಲಿಲ್ಲ. ಮೂರು ನಾಲ್ಕು ವರ್ಷ ಬಾಳಬೇಕಾದದ್ದು ಅಷ್ಟು ಬೇಗ ಸತ್ತಿದ್ದರೆ, ಅದನ್ನು ಕೊಂದವರು ಯಾರೆಂದು ತಿಳಿಯದೆ ಹೊಸದನ್ನು ಅದೇ ಪೆಟ್ಟಿಗೆಯೊಳಗೆ ಕೂರಿಸುವುದು ನನಗೆ ಸರಿಕಾಣಲಿಲ್ಲ.

ಮೊದಲು ಯುಪಿಎಸ್ಸನ್ನು ಗೋಡೆಯ ಸಾಕೆಟ್‌ನಿಂದ ಕಿತ್ತು, ಮುಚ್ಚಳ ತೆಗೆದು, ಬ್ಯಾಟರಿಯ ತಂತಿಗಳನ್ನು ಬಿಡಿಸಿದೆ. ಇದೇ ಕ್ರಮದಲ್ಲಿ ಮಾಡುವುದು ಮುಖ್ಯ. ಗೋಡೆಯಿಂದ ಕಿತ್ತ ಮಾತ್ರಕ್ಕೆ ಯುಪಿಎಸ್ ನಿರ್ಜೀವವಾಗುವುದಿಲ್ಲ. ಬ್ಯಾಟರಿ ಒಳಗಿರುವವರೆಗೆ ಅದರ ಹಿಂಬದಿಯ ಸಾಕೆಟ್‌ಗಳಲ್ಲಿ 230 ವೋಲ್ಟ್ ಬರುವ ಸಾಧ್ಯತೆ ಇದ್ದೇ ಇರುತ್ತದೆ. ಬ್ಯಾಟರಿ ಕೇವಲ 12 ವೋಲ್ಟ್‌ನದೆಂದು ಹಗುರವಾಗಿ ಕಾಣುವುದೂ ಅಪಾಯವೇ. ಅದರ ಎರಡು ತುದಿಗಳ ನಡುವೆ ಸ್ಪ್ಯಾನರ್ ಬಿದ್ದರೆ ಹಲವು ಹತ್ತು ಆಂಪಿಯರ್ ಹರಿದು ಲೋಹ ಕೆಂಪಗೆ ಕಾಯುತ್ತದೆ. ಕೈಯ ಉಂಗುರವನ್ನು ತೆಗೆದಿಟ್ಟೇ ಕೆಲಸಕ್ಕೆ ಕೂರಬೇಕು.

ಹೊರಬಂದದ್ದು ಎಲ್ಲೆಡೆ ಸಿಗುವ 12 ವೋಲ್ಟ್, 7 ಆಂಪಿಯರ್-ಅವರ್‌ನ (ಬ್ಯಾಟರಿ ಎಷ್ಟು ವಿದ್ಯುತ್ ಹಿಡಿಯುತ್ತದೆಂಬ ಅಳತೆ) ಮೊಹರು ಮಾಡಿದ ಸೀಸ-ಆಮ್ಲ ಬ್ಯಾಟರಿ. ಅದರ ಎರಡೂ ಪಕ್ಕೆಗಳು ತುಸು ಉಬ್ಬಿದ್ದವು. ಧನ ತುದಿಯ ಬುಡದಲ್ಲಿ ಪ್ಲಾಸ್ಟಿಕ್ ಕಂದುಗಟ್ಟಿತ್ತು. ಆದರೂ ಮಲ್ಟಿಮೀಟರ್ ಹಿಡಿದಾಗ ಬಂದದ್ದು 12.7 ವೋಲ್ಟ್! ಈ ಅಂಕಿಯನ್ನಷ್ಟೇ ನೋಡಿದವರು ಬ್ಯಾಟರಿ ತುಂಬಿದೆಯೆಂದು ತೀರ್ಮಾನಿಸಿ, ದೋಷವನ್ನು ಬೋರ್ಡಿನ ತಲೆಗೆ ಕಟ್ಟುತ್ತಾರೆ. ಮೀಟರ್ ಬ್ಯಾಟರಿಯಿಂದ ಎಳೆಯುವ ವಿದ್ಯುತ್ತು ಲೆಕ್ಕಕ್ಕೇ ಬಾರದಷ್ಟು ಅಲ್ಪ. ಭಾರ ಹೊರಿಸದೆ ಬ್ಯಾಟರಿಯ ಬಲ ತಿಳಿಯುವುದಿಲ್ಲ. ಅದಕ್ಕಾಗಿ ಕಾರಿನ ಹೆಡ್‌ಲೈಟಿನ 55 ವಾಟ್ ಬಲ್ಬೊಂದಕ್ಕೆ ತಂತಿ ಬೆಸೆದು ಇಟ್ಟುಕೊಂಡಿದ್ದೇನೆ. ಅದು ಸುಮಾರು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. ಬಲ್ಬನ್ನು ಜೋಡಿಸಿದೊಡನೆ ಬಿಳಿಯಾಗಿ ಹೊತ್ತಿಕೊಂಡ ಬೆಳಕು ನೋಡನೋಡುತ್ತಲೇ ಹಳದಿಗೆ, ಹಳದಿಯಿಂದ ಕಿತ್ತಳೆಗೆ ಇಳಿಯಿತು; ಮೀಟರಿನ ಅಂಕಿ 10ರ ಕೆಳಗೆ ಜಾರಿತು. ಬಲ್ಬ್ ತೆಗೆದರೆ ಮೆಲ್ಲನೆ ಮತ್ತೆ 12.5ಕ್ಕೆ ಏರಿತು. ಒಳಗಿನ ತೇವ ಆರಿ ಆಂತರಿಕ ರೋಧ (ವಿದ್ಯುತ್ತಿನ ಹರಿವಿಗೆ ಒಳಗೇ ಆಗುವ ತಡೆ) ಹೆಚ್ಚಿದ ಬ್ಯಾಟರಿಯ ನಡವಳಿಕೆ ಹೀಗೆಯೇ ಇರುತ್ತದೆ. ಕಂಪ್ಯೂಟರ್ ಮತ್ತು ಮಾನಿಟರ್ ಸೇರಿ ನೂರು ವಾಟ್ ಬಳಸಿದರೂ, ಬ್ಯಾಟರಿಯ 12 ವೋಲ್ಟನ್ನು 230 ವೋಲ್ಟ್ ಮಾಡುವ ಒಳಗಿನ ಇನ್ವರ್ಟರಿನಲ್ಲಾಗುವ ನಷ್ಟ ಸೇರಿ ಬ್ಯಾಟರಿಯ ಮೇಲೆ ಹತ್ತು ಆಂಪಿಯರಿಗೂ ಹೆಚ್ಚಿನ ಹೊರೆ ಬೀಳುತ್ತದೆ. ನಾಲ್ಕೂವರೆಗೇ ಕುಸಿಯುವುದು ಹತ್ತನ್ನು ತಾಳುವ ಮಾತೆಲ್ಲಿ?

ಇನ್ನು ಕೊಂದವರ ಪತ್ತೆ. ನನ್ನ ಶಂಕೆ ಹೋದದ್ದು ಕರೆಂಟ್ ಇರುವಾಗ ಬ್ಯಾಟರಿಯನ್ನು ತುಂಬುವ, ಯುಪಿಎಸ್ ಒಳಗೇ ಇರುವ ಚಾರ್ಜರಿನತ್ತ. ಇಂತಹ ಬ್ಯಾಟರಿಗಳ ಮೈಮೇಲೆಯೇ ಎರಡು ಬಗೆಯ ಚಾರ್ಜಿಂಗ್ ವೋಲ್ಟೇಜನ್ನು ಮುದ್ರಿಸಿರುತ್ತಾರೆ. ಸದಾ ಚಾರ್ಜರಿಗೆ ಅಂಟಿಕೊಂಡೇ ಇರುವ ಸ್ಟ್ಯಾಂಡ್‌ಬೈ ಬಳಕೆಗೆ 13.5ರಿಂದ 13.8 ವೋಲ್ಟ್, ದಿನವೂ ಖಾಲಿಯಾಗಿ ತುಂಬುವ ಬಳಕೆಗೆ 14.4ಕ್ಕಿಂತ ಮೇಲೆ. ಯುಪಿಎಸ್‌ನದು ಮೊದಲನೆಯ ಬಗೆ. ಚಾರ್ಜರಿನ ವೋಲ್ಟೇಜನ್ನು ಬ್ಯಾಟರಿಯಿಲ್ಲದ ಬರಿಯ ತಂತಿಗಳಲ್ಲಿ ಅಳೆದರೆ ಪ್ರಯೋಜನವಿಲ್ಲ, ಸತ್ತ ಬ್ಯಾಟರಿಯ ಮೇಲೆ ಅಳೆದರೂ ನಂಬಿಕೆ ಸಾಲದು. ಆದ್ದರಿಂದ ಪರಿಚಿತರ ಮನೆಯಿಂದ ಸುಸ್ಥಿತಿಯ ಬ್ಯಾಟರಿಯೊಂದನ್ನು ಕೇಳಿ ತಂದು ಜೋಡಿಸಿ, ಅದು ಪೂರ್ತಿ ತುಂಬುವವರೆಗೆ ಬಿಟ್ಟು ಅಳೆದೆ. ಮೀಟರ್ 14.6 ತೋರಿತು. ಕೆಲವು ಮಾದರಿಗಳಲ್ಲಿ ಬ್ಯಾಟರಿಯ ತುದಿಗಳು ಮೇನ್ಸ್‌ನಿಂದ (ಗೋಡೆಯ ಸಾಕೆಟ್‌ನ ವಿದ್ಯುತ್ತಿನಿಂದ) ಪ್ರತ್ಯೇಕವಾಗಿರುವುದಿಲ್ಲವಾದ್ದರಿಂದ, ಮೀಟರಿನ ಕ್ಲಿಪ್ಪುಗಳನ್ನು ಯುಪಿಎಸ್ ಆರಿರುವಾಗಲೇ ಸಿಕ್ಕಿಸಿ, ಆಮೇಲೆ ಮುಟ್ಟದೆ ಓದಬೇಕು.

ಹಗಲಿರುಳೂ 14.6 ವೋಲ್ಟ್ ಕುಡಿಸಿದರೆ ಬ್ಯಾಟರಿಯೊಳಗಿನ ನೀರು ಜಲಜನಕ, ಆಮ್ಲಜನಕಗಳಾಗಿ ಒಡೆದು ಕವಾಟದಿಂದ ಹೊರಹೋಗುತ್ತದೆ. ಮೊಹರು ಮಾಡಿದ ಬ್ಯಾಟರಿಯಾದ್ದರಿಂದ ಮತ್ತೆ ನೀರು ಸುರಿಯುವ ದಾರಿಯಿಲ್ಲ. ನಮ್ಮ ಊರಿನ ಬಿಸಿಲು ಇದಕ್ಕೆ ಕೈಜೋಡಿಸುತ್ತದೆ. ಮುದ್ರಿತ ಅಂಕಿಗಳೆಲ್ಲ 25 ಡಿಗ್ರಿ ಉಷ್ಣತೆಗೆ ಹೇಳಿದವು. ಅದರ ಮೇಲೆ ಪ್ರತಿ ಡಿಗ್ರಿಗೂ ಸುಮಾರು 20 ಮಿಲಿವೋಲ್ಟ್ ಇಳಿಸಬೇಕೆಂಬುದು, ಹತ್ತು ಡಿಗ್ರಿ ಏರಿದರೆ ಆಯುಸ್ಸು ಸರಿಸುಮಾರು ಅರ್ಧವಾಗುತ್ತದೆಂಬುದು ಈ ಕ್ಷೇತ್ರದ ರೂಢಿಯ ಲೆಕ್ಕ. ಮೇ ತಿಂಗಳಲ್ಲಿ ಮೇಜಿನ ಕೆಳಗಿನ ಮೂಲೆಯಲ್ಲಿ 38 ಡಿಗ್ರಿ ಇದ್ದರೆ ಅಚ್ಚರಿಯಿಲ್ಲ. ಹಾಗೆ ನೋಡಿದರೆ ನಮ್ಮ ಮನೆಗೆ ಬೇಕಾದದ್ದು 13.4ರ ಆಸುಪಾಸು, ಸಿಗುತ್ತಿದ್ದದ್ದು ಅದಕ್ಕಿಂತ ಒಂದು ವೋಲ್ಟಿಗೂ ಹೆಚ್ಚು.

ದೋಷ ಸಿಕ್ಕಿದ್ದು ಚಾರ್ಜರಿನ ವೋಲ್ಟೇಜನ್ನು ನಿಗದಿಪಡಿಸುವ ಪುಟ್ಟ ಪ್ರಿಸೆಟ್‌ನಲ್ಲಿ (ಸ್ಕ್ರೂಡ್ರೈವರಿನಿಂದ ತಿರುಗಿಸಿ ಹೊಂದಿಸುವ ರೋಧಕ). ಪ್ಲಾಸ್ಟಿಕ್ ಹಿಡಿಯ, ಪ್ಲಾಸ್ಟಿಕ್ ತುದಿಯ ಸ್ಕ್ರೂಡ್ರೈವರಿನಿಂದ ಅದರ ನೆತ್ತಿಯನ್ನು ಮೆಲ್ಲಗೆ ತಟ್ಟಿದರೆ ಸಾಕು, ಅಂಕಿ 13.7ಕ್ಕೆ ಇಳಿದು, ಮತ್ತೊಮ್ಮೆ ತಟ್ಟಿದರೆ 14.6ಕ್ಕೆ ನೆಗೆಯುತ್ತಿತ್ತು. ಧೂಳು ಮತ್ತು ಬಿಸಿಯಿಂದ ಒಳಗಿನ ಸಂಪರ್ಕ ಕೆಟ್ಟಿತ್ತು. ಅದನ್ನು ಬೆಸುಗೆ ಬಿಚ್ಚಿ ತೆಗೆದು, ಹಲವು ಸುತ್ತು ತಿರುಗುವ ಬಗೆಯ ಹೊಸ ಪ್ರಿಸೆಟ್ ಹಾಕಿ, ಪಕ್ಕದಲ್ಲಿ ತಲೆ ಉಬ್ಬಿಸಿಕೊಂಡಿದ್ದ ಕೆಪಾಸಿಟರನ್ನೂ ಬದಲಿಸಿ, ವೋಲ್ಟೇಜನ್ನು 13.5ಕ್ಕೆ ನಿಲ್ಲಿಸಿದೆ. ಬೆಸುಗೆಯನ್ನು ವಿದ್ಯುತ್ ಬಿಡಿಸಿಯೇ ಮಾಡಬೇಕು, ಆದರೆ ತಟ್ಟಿ ನೋಡುವುದು, ವೋಲ್ಟೇಜ್ ಹೊಂದಿಸುವುದು ವಿದ್ಯುತ್ ಹರಿಯುತ್ತಿರುವ ಬೋರ್ಡಿನ ಮೇಲೆ ಮಾಡುವ ಕೆಲಸ; ಬೆಸುಗೆ ಬಲ್ಲವರೂ ಎಚ್ಚರದಿಂದಿರಬೇಕು, ಬಾರದವರು ಬಲ್ಲ ಮೆಕ್ಯಾನಿಕ್‌ನ ಬಳಿ ಚಾರ್ಜಿಂಗ್ ವೋಲ್ಟೇಜ್ ನೋಡಿಕೊಡಿ ಎಂದು ಬಾಯಿಬಿಟ್ಟು ಕೇಳಬೇಕು. ಕೇಳದಿದ್ದರೆ ಅವರೂ ಬ್ಯಾಟರಿಯನ್ನಷ್ಟೇ ಬದಲಿಸಿ ಕಳಿಸುತ್ತಾರೆ.

ಹೊಸ ಬ್ಯಾಟರಿ ಕೊಳ್ಳುವಾಗ ನೋಡಬೇಕಾದದ್ದು ಬ್ರ್ಯಾಂಡಿಗಿಂತ ಹೆಚ್ಚಾಗಿ ತಯಾರಿಕೆಯ ತಿಂಗಳನ್ನು. ಕಪಾಟಿನಲ್ಲಿ ಸುಮ್ಮನೆ ಕೂತರೂ ಸೀಸ-ಆಮ್ಲ ಬ್ಯಾಟರಿ ತನ್ನಷ್ಟಕ್ಕೆ ಇಳಿಯುತ್ತದೆ, ಇಳಿದದ್ದು ಹಾಗೆಯೇ ಉಳಿದರೆ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಅಂಗಡಿಯಲ್ಲೇ ಮೀಟರ್ ಹಿಡಿಸಿ, 12.5ಕ್ಕಿಂತ ಕಡಿಮೆ ಇದ್ದದ್ದನ್ನು ಮರಳಿಸಿ ಬೇರೆಯದನ್ನು ತೆಗೆಸಿದೆ. ತುದಿಗಳ ಅಗಲವನ್ನೂ ಗಮನಿಸಬೇಕು: 4.75 ಮತ್ತು 6.35 ಮಿಲಿಮೀಟರ್ ಎಂಬ ಎರಡು ಅಳತೆಗಳಿವೆ. ಅಗಲದ ಕನೆಕ್ಟರನ್ನು ಕಿರಿದಾದ ತುದಿಗೆ ಸಡಿಲವಾಗಿ ಸಿಕ್ಕಿಸಿದರೆ ಅಲ್ಲಿಯೇ ಬಿಸಿ ಹುಟ್ಟುತ್ತದೆ. ಹಳೆಯ ಬ್ಯಾಟರಿಯ ಧನ ತುದಿ ಕಂದಾಗಿದ್ದಕ್ಕೂ ಅದೇ ಕಾರಣ. ಕನೆಕ್ಟರನ್ನು ಇಕ್ಕಳದಿಂದ ತುಸು ಅದುಮಿ ಬಿಗಿಮಾಡಿದೆ. ಹಳೆಯದನ್ನು ಅದೇ ಅಂಗಡಿಗೆ ಕೊಟ್ಟೆ, ತೂಕದ ಲೆಕ್ಕದಲ್ಲಿ ಬೆಲೆಯಲ್ಲಿ ಒಂದಿಷ್ಟು ಕಳೆದರು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರವೂ ಇದು ಮನೆಯ ಕಸದ ಗಾಡಿಗೆ ಹಾಕುವ ವಸ್ತುವಲ್ಲ.

ಈಗ ಕರೆಂಟ್ ಹೋದರೆ ಕಂಪ್ಯೂಟರ್ ಹದಿನೈದು ನಿಮಿಷದ ಆಸುಪಾಸು ನಡೆಯುತ್ತದೆ. 7 ಆಂಪಿಯರ್-ಅವರ್ ಎಂಬುದು ಇಪ್ಪತ್ತು ಗಂಟೆಗಳಲ್ಲಿ ನಿಧಾನವಾಗಿ ಖಾಲಿ ಮಾಡುವಾಗಿನ ಅಳತೆಯಾದ್ದರಿಂದ, ಹತ್ತು ಆಂಪಿಯರ್ ಎಳೆಯುವಾಗ ಇದಕ್ಕಿಂತ ಬಹಳ ಹೆಚ್ಚು ನಿರೀಕ್ಷಿಸುವಂತಿಲ್ಲ. ಸಂಜೆ ವೋಲ್ಟೇಜ್ ಕುಸಿದಾಗ ಕೇಳುವ ಟಿಕ್ ಟಿಕ್ ಸದ್ದು ಮಾತ್ರ ಹಾಗೆಯೇ ಇದೆ. ಅದು ದೋಷವಲ್ಲ, ಕಡಿಮೆ ವೋಲ್ಟೇಜನ್ನು ಏರಿಸಿಕೊಡಲು ಟ್ರಾನ್ಸ್‌ಫಾರ್ಮರಿನ ಟ್ಯಾಪ್ ಬದಲಿಸುವ ರಿಲೇಯ (ವಿದ್ಯುತ್ತಿನಿಂದ ಚಲಿಸುವ ಸ್ವಿಚ್ಚಿನ) ಸದ್ದು. ಯುಪಿಎಸ್ಸನ್ನು ಪಡುವಣ ಬಿಸಿಲು ತಾಗುವ ಗೋಡೆಯಿಂದ ಸರಿಸಿ ಗಾಳಿಯಾಡುವ ಕಡೆ ಇಟ್ಟಿದ್ದೇನೆ. ಲೇಸರ್ ಪ್ರಿಂಟರಿನ ಹೀಟರ್ ಒಮ್ಮೆಗೇ ಎಳೆಯುವ ಹೊರೆ ಈ ಸಣ್ಣ ಯುಪಿಎಸ್‌ನ ಮಿತಿಯನ್ನು ಮೀರುವುದರಿಂದ, ಅದರ ಪ್ಲಗ್ಗನ್ನು ನೇರವಾಗಿ ಗೋಡೆಯ ಸಾಕೆಟ್‌ಗೆ ಹಾಕಿದ್ದಾಯಿತು.