ಯಾರದೋ ಮನೆಯ ಫೋಟೋ ನಿಮಗ್ಯಾಕೆ?

"ಯಾರು ಏನು ಅಂತ ಗೊತ್ತಿಲ್ಲದವರ ಫೋಟೋ ಇಟ್ಟುಕೊಂಡು ಏನು ಮಾಡ್ತೀರಾ?" ಗುಜರಿಯಲ್ಲಿ ಸಿಕ್ಕ ಹಳೇ ಫೋಟೋಗಳಿಂದ ನಾನು ಮಾಡುವ ಚಿತ್ರಗಳನ್ನು ನೋಡಿದವರು ಮೊದಲು ಕೇಳುವುದು ಇದನ್ನೇ. ಅಮ್ಮ ಕೇಳುವುದೂ ಇಲ್ಲ, ನೇರವಾಗಿ ಹೇಳುತ್ತಾರೆ: "ಸತ್ತವರನ್ನೆಲ್ಲಾ ತಂದು ಮನೆ ತುಂಬಿಸಬೇಡ."

ನನಗೆ ಫೋಟೋ ಸಿಗುವುದು ಹೆಚ್ಚಾಗಿ ಚಿಕ್ಕಪೇಟೆ ಹತ್ತಿರದ ಸಂಡೆ ಬಜಾರಿನಲ್ಲಿ. ಬೆಂಗಳೂರಿನಲ್ಲಿ ಹಳೇ ಮನೆ ಒಡೆದು ಅಪಾರ್ಟ್‌ಮೆಂಟ್ ಕಟ್ಟುವಾಗ ಬಾಗಿಲು, ಕಿಟಕಿ, ಹಿತ್ತಾಳೆ ಪಾತ್ರೆಯ ಜೊತೆ ಗೋಡೆ ಮೇಲಿದ್ದವರೂ ಗುಜರಿಗೆ ಬರುತ್ತಾರೆ. ಕೊಳ್ಳುವವರ ಕಣ್ಣು ಬೀಟೆ ಮರದ ಕಟ್ಟಿನ ಮೇಲೆ. ಒಳಗಿದ್ದ ಫೋಟೋ ಕಿತ್ತು ಪಕ್ಕಕ್ಕೆ ಎಸೆಯುತ್ತಾರೆ. ಆ ಪಕ್ಕದ ರಾಶಿಗೆ ನಾನು ಗಿರಾಕಿ.

ಹೆಸರು ಅಳಿಸಿಹೋದ ಮೇಲೂ ಕಾಗದದಲ್ಲಿ ಬೇಕಾದಷ್ಟು ಉಳಿದಿರುತ್ತದೆ. ಕಪ್ಪು ಬಿಳುಪಿನ ಪ್ರಿಂಟನ್ನು ಸ್ವಲ್ಪ ಓರೆ ಮಾಡಿ ಹಿಡಿಯಿರಿ, ಅಂಚಿನಲ್ಲಿ ಬೆಳ್ಳಿ ಎದ್ದು ಹೊಳೆಯುತ್ತದೆ. 1970ರ ದಶಕದ ಎಷ್ಟೋ ಕಲರ್ ಫೋಟೋಗಳಲ್ಲಿ ನೀಲಿ ಮೊದಲು ಮಾಸಿ, ಇಡೀ ಮದುವೆಮನೆಗೇ ಕುಂಕುಮ ಎರಚಿದ ಹಾಗೆ ಕಾಣುತ್ತದೆ.

ಒಂದು ಫೋಟೋ ಮಾತ್ರ ನನ್ನನ್ನು ಬಿಟ್ಟಿಲ್ಲ. ಅಂಗೈಯಗಲ, ಹಲ್ಲು ಹಲ್ಲು ಅಂಚು. ಲಾಲ್‌ಬಾಗಿನ ಗಾಜಿನ ಮನೆ ಮುಂದೆ 11 ಜನ. ಮಧ್ಯದ ಕುರ್ಚಿಯಲ್ಲಿ ಒಬ್ಬರು ಹೆಂಗಸು, ಮಡಿಲಲ್ಲಿ ಜೋಡಿಸಿಟ್ಟ ಕೈ. ತಲೆ ಇಲ್ಲ. ಯಾರೋ ಕತ್ತರಿಯಲ್ಲಿ ದುಂಡಗೆ ಕತ್ತರಿಸಿ ತೆಗೆದಿದ್ದಾರೆ. ಹಿಂದೆ ನಿಂತ ಹುಡುಗನ ತೋಳಿನ ಒಂದು ಚೂರೂ ಅದರ ಜೊತೆ ಹೋಗಿದೆ.

ಜಗಳ ಅಂದುಕೊಂಡೆ. ಆಸ್ತಿ ಗಲಾಟೆ ಇರಬೇಕು, ಅಲ್ವಾ? ಎಷ್ಟೋ ತಿಂಗಳು ಅದನ್ನೇ ನಂಬಿದ್ದೆ. ಒಂದು ಭಾನುವಾರ ಗುಜರಿಯವರಿಗೆ ತೋರಿಸಿದೆ. ಅವರು ಚೊಂಬು ತೂಗುತ್ತಲೇ ಹೇಳಿದರು: "ತಿಥಿಗೆ ಕತ್ತರಿಸಿರ್ತಾರೆ ಮೇಡಂ. ಅವರದು ಬೇರೆ ಫೋಟೋನೇ ಇರಲ್ವಲ್ಲ."

ಹೌದಲ್ಲ! ಒಬ್ಬರೇ ಕೂತು ಫೋಟೋ ತೆಗೆಸಿಕೊಂಡ ಹೆಂಗಸರು ಆಗ ಎಷ್ಟು ಜನ? ಗುಂಪಿನಿಂದ ಮುಖ ಕತ್ತರಿಸಿ, ಸ್ಟುಡಿಯೋಗೆ ಕೊಟ್ಟು ದೊಡ್ಡದು ಮಾಡಿಸಿರಬಹುದು. ಅದು ಇನ್ನೂ ಯಾವುದೋ ಗೋಡೆ ಮೇಲೆ ಹಾರ ಹಾಕಿಕೊಂಡಿರಬಹುದು. ಇಲ್ಲಾ, ಜಗಳವೇ ನಿಜ ಇದ್ದರೂ ಇರಬಹುದು.

ಅದನ್ನು ಸ್ಕ್ಯಾನ್ ಮಾಡಿ ನಾಲ್ಕು ಅಡಿ ಎತ್ತರಕ್ಕೆ ಪ್ರಿಂಟ್ ಹಾಕಿಸಿದೆ. ತೂತನ್ನು ಹಾಗೇ ಬಿಟ್ಟೆ. "ಎಐನಲ್ಲಿ ಮುಖ ತುಂಬಿಸಬಹುದಲ್ವಾ?" ಅಂತ ಕೇಳುವವರೂ ಇದ್ದಾರೆ. ತುಂಬಿಸಬಹುದು. ಆಮೇಲೆ ಆ ಮುಖಕ್ಕೂ ತಿಥಿ ಮಾಡಬೇಕಾ? ನನಗೆ ಬೇಕಾಗಿರುವುದು ಕತ್ತರಿ ಹಿಡಿದ ಆ ಕೈ. ಅದರ ಗುರುತು ಇರುವುದು ಆ ತೂತಿನಲ್ಲೇ. (ನೋಡಲು ಬಂದ ಕೆಲವರು ತೂತಿಗೆ ಮುಖ ಹಿಡಿದು ಸೆಲ್ಫಿ ತೆಗೆದುಕೊಂಡರು. ಮೊದಲು ಸಿಟ್ಟು ಬಂತು. ಆಮೇಲೆ ಸುಮ್ನೆ ಆದೆ.)

ಫೋಟೋ ಹಿಂದೆ ಬರೆದಿರುವ ಹೆಸರು, ವಿಳಾಸ ನಾನು ಯಾವತ್ತೂ ತೋರಿಸುವುದಿಲ್ಲ. ಮನೆಯವರು ಯಾರಾದರೂ ಬಂದು ಕೇಳಿದರೆ ವಾಪಸ್ ಕೊಡುತ್ತೇನೆ. ಇಲ್ಲಿಯವರೆಗೆ ಯಾರೂ ಬಂದಿಲ್ಲ.

ಈ ಫೋಟೋ ಯಾವ ಕಾಲದ್ದು ಅಂತ ಜಾಸ್ತಿ ತಲೆ ಕೆಡಿಸಿಕೊಂಡಿದ್ದೆ. ಗಾಜಿನ ಮನೆಗೆ ಅಡಿಗಲ್ಲು ಇಟ್ಟಿದ್ದು 1889ರಲ್ಲಿ, ಅದರಿಂದ ಏನೂ ತಿಳಿಯುವುದಿಲ್ಲ. ಮೊನ್ನೆ ಅಮ್ಮ ಕಾಫಿ ಲೋಟ ಹಿಡಿದು ಬಂದರು. ಕನ್ನಡಕ ಏರಿಸಿಕೊಂಡು ಆ ಪ್ರಿಂಟಿನ ಮುಂದೆ ನಿಂತರು.

"ಪಫ್ ತೋಳಿನ ಬ್ಲೌಸು," ಅಂದರು. "ನಮ್ಮಮ್ಮನ ಕಾಲದ್ದು. ಈ ಮೂಲೆಯ ಹುಡುಗಿ ನೋಡು, ದೊಡ್ಡವರ ಬ್ಲೌಸ್ ಹಾಕಿಕೊಂಡಿದ್ದಾಳೆ. ಪಿನ್ ಕಾಣ್ತಿದೆ."

ನಾನು ಅದನ್ನು ಎರಡು ವರ್ಷದಿಂದ ನೋಡುತ್ತಿದ್ದೇನೆ. ಪಿನ್ ಕಂಡಿರಲಿಲ್ಲ.